ಮಾಸಿಕ ಚಂದಾಕ್ಕೆ ಯುಪಿಐ ಆಟೋಪೇಯೋ, ಇ-ನ್ಯಾಚೋ?

ಕಲಬುರಗಿಯಿಂದ ಆನ್‌ಲೈನ್ ಕೋಚಿಂಗ್ ನಡೆಸುತ್ತೀರಿ, ಈಗಿರುವುದು ಕಾರ್ಡ್ ಪಾವತಿ ಮಾತ್ರ. ಮಾಸಿಕ ಚಂದಾ ಪಡೆಯಲು ಮುಂದೇನು ಸೇರಿಸಬೇಕೆಂದು ಕೇಳಿದ್ದೀರಿ, ಅದು ಕಂತಿನ ಮೊತ್ತದ ಮೇಲಿದೆ.

ತಿಂಗಳಿಗೆ 299 ರೂಪಾಯಿಯಂಥ ಚಂದಾಕ್ಕೆ ಯುಪಿಐ ಆಟೋಪೇ (ಯುಪಿಐ ಆ್ಯಪಿನ ಮೂಲಕ ಕಂತು ತಾನಾಗಿ ಕಡಿತವಾಗುವ ವ್ಯವಸ್ಥೆ) ಸಲೀಸು. ಗ್ರಾಹಕರು ಆರಂಭದಲ್ಲೊಮ್ಮೆ ಪಿನ್ ಹಾಕಿದರೆ, 15,000 ರೂಪಾಯಿವರೆಗಿನ ಕಂತಿಗೆ ಮತ್ತೆ ಕೇಳುವುದಿಲ್ಲ. ಆದರೆ ಆ್ಯಪಿನಲ್ಲೇ ರದ್ದು ಮಾಡುವುದೂ ಅಷ್ಟೇ ಸುಲಭ! ತಿಂಗಳ ಕೊನೆಗೆ ಖಾತೆ ಬರಿದಾಗಿ ಕಡಿತ ತಪ್ಪುವುದುಂಟು. ದಿನಾಂಕವನ್ನು ಸಂಬಳದ ವಾರಕ್ಕಿಡಿ. ಕಡಿತಕ್ಕೆ 24 ಗಂಟೆ ಮೊದಲು ಗ್ರಾಹಕರಿಗೆ ಸೂಚನೆ ಹೋಗಲೇಬೇಕು, ಕಾರ್ಡಿಗೂ ಇದೇ ನಿಯಮ.

ಕಂತು 15,000 ದಾಟಿದರೆ ಇ-ನ್ಯಾಚ್ (ಬ್ಯಾಂಕ್ ಖಾತೆಯಿಂದ ನೇರ ಕಡಿತಕ್ಕೆ ಆನ್‌ಲೈನ್‌ನಲ್ಲಿ ಕೊಡುವ ಅನುಮತಿ) ಮೇಲು. ನೋಂದಣಿ ಖಚಿತವಾಗಲು ದಿನಗಳು ಹಿಡಿಯಬಹುದು. ಹಣವಿಲ್ಲದಿದ್ದರೆ ಬ್ಯಾಂಕು ಗ್ರಾಹಕರಿಗೆ ದಂಡ ಹಾಕುತ್ತದೆ, ಸಿಟ್ಟು ಮಾತ್ರ ನಿಮ್ಮ ಮೇಲೆ.

ವಿದೇಶದ ವಿದ್ಯಾರ್ಥಿಗಳಿದ್ದರೆ ಕಾರ್ಡ್ ಪಾವತಿಯನ್ನು ಕೈಬಿಡಬೇಡಿ.