ಟಾಪ್, ಶ್ರಗ್ ಹೊಲಿಯುವ ಪಿಡಿಎಫ್ ಪ್ಯಾಟರ್ನ್ ಕಟ್ಟು: ಎರಡು ವರ್ಷ ಬಳಸಿದವಳ ಲೆಕ್ಕ

ಹೊರದೇಶದ ಕಂಪನಿಯೊಂದು ಹೆಂಗಸರ ಟಾಪ್, ಶ್ರಗ್, ಜಾಕೆಟ್‌ಗಳ ಪ್ಯಾಟರ್ನ್‌ಗಳನ್ನು, ಅಂದರೆ ಪ್ರಿಂಟ್ ತೆಗೆದು ಬಟ್ಟೆ ಮೇಲಿಟ್ಟು ಕತ್ತರಿಸುವ ಅಳತೆಯ ನಕ್ಷೆಗಳನ್ನು, ಕಟ್ಟು ಮಾಡಿ ಆನ್‌ಲೈನ್‌ನಲ್ಲಿ ಮಾರುತ್ತದೆ. ಹೆಸರು ಹೇಳುವುದಿಲ್ಲ, ಮುಂದೆ ಬೈಗುಳವೂ ಇದೆ. ಎಂಟು ಪ್ಯಾಟರ್ನ್‌ಗಳಲ್ಲಿ ನನಗೆ ದಕ್ಕಿದ್ದು ಮೂರು. ಆ ಮೂರರಲ್ಲೇ ಕೊಟ್ಟ ದುಡ್ಡು ಹುಟ್ಟಿದೆ. ಆದರೂ ಇಡೀ ಕಟ್ಟು ಕೊಳ್ಳಿ ಅಂತ ದಾವಣಗೆರೆಯ ಯಾರಿಗೂ ನಾನು ಹೇಳಲಾರೆ.

ಮೊದಲ ರಗಳೆ ಪ್ರಿಂಟಿನದು. ಫೈಲು ಎ4 ಅಳತೆಯಲ್ಲೂ ಬರುತ್ತದೆ, ಅಮೆರಿಕದ ಲೆಟರ್ ಅಳತೆಯಲ್ಲೂ ಬರುತ್ತದೆ. ಲೆಟರ್ ಹಾಳೆ ನಮ್ಮ ಎ4ಗಿಂತ 6 ಮಿ.ಮೀ. ಅಗಲ, 18 ಮಿ.ಮೀ. ಗಿಡ್ಡ. ಹಾಗಾಗಿ ಎ4 ಫೈಲನ್ನೇ ಒಯ್ಯಿರಿ. ಜೆರಾಕ್ಸ್ ಅಂಗಡಿ ಹುಡುಗರಿಗೆ 'ಫಿಟ್ ಟು ಪೇಜ್' ಒತ್ತಿ ಹಾಳೆಗೆ ಹಿಡಿಯುವಂತೆ ಕುಗ್ಗಿಸುವುದು ಕೈಗೆ ಅಂಟಿದ ರೂಢಿ.

"ಅಕ್ಕಾ, ಹಂಗೆ ಕೊಟ್ರೆ ಸೈಡು ಕಟ್ ಆಗುತ್ತೆ."

"ಆಗ್ಲಿ ಬಿಡಪ್ಪಾ, ನೂರು ಪರ್ಸೆಂಟಿಗೇ ಕೊಡು. ಮೊದಲು ಒಂದೇ ಹಾಳೆ ತೆಗಿ."

ಆ ಒಂದು ಹಾಳೆಯಲ್ಲಿ ಅಳತೆ ನೋಡಲೆಂದೇ ಒಂದು ಚೌಕ ಇರುತ್ತದೆ. ನನ್ನ ಕಟ್ಟಿನಲ್ಲಿ ಅದು 5 ಸೆಂ.ಮೀ. ಅಲ್ಲೇ ಕೌಂಟರ್ ಮೇಲೆ ಸ್ಕೇಲಿಟ್ಟು ನೋಡಿ. 4.8 ಬಂದರೆ ಉಳಿದದ್ದು ತೆಗೆಸಬೇಡಿ. ಎರಡು ಮಿಲಿಮೀಟರ್ ಏನು ಮಹಾ ಅನ್ನಬೇಡಿ, ಅದು ನೂರಕ್ಕೆ ನಾಲ್ಕು ಕಡಿಮೆ. ಎದೆಸುತ್ತು 40 ಇಂಚಿದ್ದಲ್ಲಿ ಒಂದೂವರೆ ಇಂಚಿಗೂ ಹೆಚ್ಚು ನುಂಗಿಹಾಕುತ್ತದೆ. ಕೈ ಎತ್ತಲು ಬಿಟ್ಟ ಲೂಸೆಲ್ಲ ಅಲ್ಲಿಗೇ ಹೋಯಿತು.

ಆಮೇಲೆ ಹಾಳೆಗಳನ್ನು ನೆಲದ ಮೇಲೆ ಹರಡಿಕೊಂಡು ಗಮ್‌ಟೇಪ್ ಹಚ್ಚುವ ಕೆಲಸ. ಫ್ಯಾನ್ ಹಾಕುವಂತಿಲ್ಲ, ಏಪ್ರಿಲ್‌ನಲ್ಲಿ ನಮ್ಮೂರಲ್ಲಿ ಫ್ಯಾನ್ ಇಲ್ಲದೆ ಕೂರುವಂತೆಯೂ ಇಲ್ಲ. ಈಗ ಆ ಉಸಾಬರಿ ಬಿಟ್ಟಿದ್ದೇನೆ. ಎಂಜಿನಿಯರಿಂಗ್ ಕಾಲೇಜುಗಳಿರುವ ಊರು ಇದು. ಮನೆ ಪ್ಲಾನ್, ಸಿವಿಲ್ ಡ್ರಾಯಿಂಗ್ ತೆಗೆಯುವ ದೊಡ್ಡ ಪ್ರಿಂಟರ್ ಇರುವ ಅಂಗಡಿಯಲ್ಲಿ ಎ0 ಫೈಲು ಕೊಟ್ಟರೆ ಒಂದೇ ಹಾಳೆಯಲ್ಲಿ ಬರುತ್ತದೆ. ಎ0 ಅಂದರೆ ಹದಿನಾರು ಎ4 ಜೋಡಿಸಿದಷ್ಟು. ದುಡ್ಡು ಸ್ವಲ್ಪ ಹೆಚ್ಚು, ಸೊಂಟ ಉಳಿಯುತ್ತದೆ.

ಇನ್ನು ಹೊಲಿಗೆಗೆ ಬರೋಣ. ನನಗೆ ಒಗ್ಗಿದ ಮೂರೂ ಮಾಮೂಲಿ ನೇಯ್ದ ಬಟ್ಟೆಯವು: ಅಗಲ ತೋಳಿನ ಸಾದಾ ಟಾಪು, ಒಂದು ಮಗ್ಗುಲಿಗೆ ಕಟ್ಟುವ ರ‍್ಯಾಪ್ ಟಾಪು, ಮುಂದೆ ಗುಂಡಿಯಿಲ್ಲದ ಕಿಮೋನೊ ಜಾಕೆಟ್ಟು. ಗಾತ್ರ ಆರಿಸುವಾಗ ರೆಡಿಮೇಡ್ ಬಟ್ಟೆಯ ಎಲ್, ಎಕ್ಸ್‌ಎಲ್ ಮರೆತುಬಿಡಿ. ಹೊಲಿದು ಮುಗಿದ ಬಟ್ಟೆಯ ಅಳತೆ ಇರುವ ಪಟ್ಟಿ ಬೇರೆ ಕೊಟ್ಟಿರುತ್ತಾರೆ, ಅದನ್ನೂ ನಿಮಗೆ ಸರಿಯಾಗಿ ಕೂರುವ ಹಳೆಯ ಕುರ್ತಾವನ್ನೂ ಪಕ್ಕಪಕ್ಕ ಇಟ್ಟು ನೋಡಿ. ಈ ಪ್ಯಾಟರ್ನ್‌ಗಳು ಬ್ರಾ ಅಳತೆಯಲ್ಲಿ ಬಿ ಕಪ್ ಇರುವ ಮೈಗೆ ಬಿಡಿಸಿದವು. ನಮ್ಮ ಅತ್ತಿಗೆಯಂತೆ ಎದೆ ತುಂಬಿ ಭುಜ ಸಣ್ಣಗಿರುವವರು ಎದೆಸುತ್ತು ನೋಡಿ ದೊಡ್ಡ ಗಾತ್ರ ತೆಗೆದರೆ ಭುಜ ಜೋತುಬೀಳುತ್ತದೆ. ಕಂಕುಳಡಿಯಿಂದ ಎದೆಯ ಮೇಲ್ಭಾಗಕ್ಕೆ ಟೇಪು ಸುತ್ತಿ, ಆ ಅಳತೆಗೆ ಗಾತ್ರ ಆರಿಸಿ, ಬೇಕಾದ ಅಗಲವನ್ನು ಮುಂಭಾಗಕ್ಕೆ ಮಾತ್ರ ಕೂಡಿಸಬೇಕು. ಅತ್ತಿಗೆಗೆ ಹಾಗೆ ಹೊಲಿದುಕೊಟ್ಟ ಟಾಪು ನನ್ನದಕ್ಕಿಂತ ಚೆನ್ನಾಗಿ ಕೂತಿದೆ.

ಇನ್ನೊಂದು, ಇವರು ಹೊಲಿಗೆಗೆ ಬಿಡುವುದು ಬರೀ 1 ಸೆಂ.ಮೀ. ನಮ್ಮ ಟೈಲರುಗಳು ಒಳಗೆ ಇಂಚು ಬಟ್ಟೆ ಬಿಟ್ಟಿರುತ್ತಾರೆ, ಮೈ ಬಂದರೆ ಬಿಚ್ಚಿಕೊಳ್ಳಬಹುದು. ಅದು ಪುಣ್ಯದ ಪದ್ಧತಿ, ಬಿಡಬೇಡಿ. ಮಗ್ಗುಲಿಗೆ ಒಂದಿಂಚು ಹೆಚ್ಚಿಟ್ಟೇ ಕತ್ತರಿಸಿ. ಕೊರಳು, ಕಂಕುಳಿಗೆ ಮಾತ್ರ ಅವರು ಹೇಳಿದಷ್ಟೇ ಇರಲಿ. ಕಾಟನ್ ಆದರೆ ಕತ್ತರಿ ಮುಟ್ಟುವ ಮೊದಲು ನೀರಲ್ಲಿ ನೆನೆಸಿ ಒಣಗಿಸಿ. ಹತ್ತಿ ಮಿಲ್ಲುಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರಿನವರಿಗೆ ಬಟ್ಟೆ ಕುಗ್ಗುತ್ತದೆ ಅಂತ ಹೇಳಿಕೊಡುವುದು ಅಧಿಕಪ್ರಸಂಗ, ಗೊತ್ತು.

ಕಟ್ಟಿನಲ್ಲಿ ನಿಜಕ್ಕೂ ಬೆಲೆಬಾಳುವುದು ಆ ಕಿಮೋನೊ ಜಾಕೆಟ್. ಈ ಬಿಸಿಲೂರಲ್ಲಿ ಬಟ್ಟೆ ಮೇಲೊಂದು ಬಟ್ಟೆ ಯಾಕಮ್ಮ ಅಂತ ನಮ್ಮತ್ತೆ ಕೇಳಿದರು. ಸ್ಕೂಟಿ ಓಡಿಸುವವರಿಗೆ ಉತ್ತರ ಗೊತ್ತು. ಮಧ್ಯಾಹ್ನ ಪಿ.ಜೆ. ಬಡಾವಣೆಯಿಂದ ಅಶೋಕ ರಸ್ತೆಗೆ ಹೋಗಿಬಂದರೆ ಮೊಣಕೈ ಕೆಳಗೆ ಬೇರೆಯದೇ ಬಣ್ಣ ಬರುತ್ತದೆ, ಅದಕ್ಕೇ ಎಲ್ಲರೂ ಆ ಚೆಂದವಿಲ್ಲದ ಬಿಸಿಲುಕೋಟು ತೊಡುವುದು. ಅದರ ಬದಲು ತೆಳು ಕೇಂಬ್ರಿಕ್‌ನಲ್ಲಿ ಈ ಜಾಕೆಟ್ಟಿನ ತೋಳನ್ನು ಮಣಿಕಟ್ಟಿನವರೆಗೆ ಉದ್ದ ಮಾಡಿ ಹೊಲಿದೆ. ಗಾಡಿ ಮೇಲೆ ಬಿಸಿಲಿಗೆ ಆಯಿತು, ಆಫೀಸಿನಲ್ಲಿ ತೋಳಿಲ್ಲದ ಟಾಪಿನ ಮೇಲೆ ಆಯಿತು, ಬೆಂಗಳೂರಿನ ರಾತ್ರಿ ಬಸ್ಸಿನ ಎಸಿಗೂ ಆಯಿತು.

ಪ್ಯಾಟರ್ನ್ 60 ಇಂಚು ಪನ್ನದ (ಅಗಲದ) ಬಟ್ಟೆ ಕೇಳುತ್ತದೆ. ನಮ್ಮ ಅಂಗಡಿಗಳಲ್ಲಿ ಕಾಟನ್ ಹೆಚ್ಚಾಗಿ 44ರ ಪನ್ನ. ಬೆನ್ನಿಗೂ ತೋಳಿಗೂ ಜೋಡಣೆಯೇ ಇಲ್ಲದ ವಿನ್ಯಾಸ ಇದಾದ್ದರಿಂದ, ಉದ್ದ ತೋಳು ಅಷ್ಟು ಪನ್ನದಲ್ಲಿ ಹಿಡಿಯುವುದಿಲ್ಲ. ಮೊಣಕೈ ಹತ್ತಿರ ಜೋಡು ಕೊಟ್ಟು, ಅದರ ಮೇಲೆ ಬೇರೆ ಬಣ್ಣದ ಪಟ್ಟಿ ಹೊಲಿದರೆ ಬೇಕೆಂದೇ ಮಾಡಿದಂತೆ ಕಾಣುತ್ತದೆ.

ಇದೇ ಪ್ಯಾಟರ್ನಿನಲ್ಲಿ ಅಮ್ಮನ ಹಳೆಯ ಮೊಳಕಾಲ್ಮೂರು ರೇಷ್ಮೆ ಸೀರೆಯನ್ನೂ ಕತ್ತರಿಸಿದೆ. ವರ್ಷಾನುಗಟ್ಟಲೆ ಒಂದೇ ಮಡಿಕೆಯಲ್ಲಿದ್ದ ರೇಷ್ಮೆ ಮಡಿಕೆಯ ಗೆರೆಯಲ್ಲೇ ಸೀಳುತ್ತದೆ. ಅದಕ್ಕೆ ಸೀರೆಯನ್ನು ಕಿಟಕಿ ಬೆಳಕಿಗೆ ಹಿಡಿದು, ಎಳೆ ಜಾಳಾದ ಕಡೆಯೆಲ್ಲ ಚಾಕ್‌ಪೀಸಿನಲ್ಲಿ ಗುರುತು ಮಾಡಿ, ಅವನ್ನು ತಪ್ಪಿಸಿ ಪ್ಯಾಟರ್ನ್ ಇಟ್ಟೆ. ಒಳಗೆ ಮಲ್‌ಮಲ್ ಲೈನಿಂಗ್. ಮುಂದಿನ ಪಟ್ಟಿ ನೇರ ಇರುವುದರಿಂದ ಸೀರೆಯ ಅಂಚು ಕೊರಳಿನಿಂದ ಕೆಳಗಿನವರೆಗೆ ಹಾಗೇ ಇಳಿದಿದೆ. ಮದುವೆ ಮನೆಯಲ್ಲಿ ಎಲ್ಲಿ ತಗೊಂಡ್ರಿ ಅಂತ ಕೇಳಿದವರಿಗೆಲ್ಲ ಅಮ್ಮನೇ ಉತ್ತರ ಕೊಟ್ಟರು.

ಈಗ ಬೈಗುಳ. ಉಳಿದ ಐದೂ ಹಿಗ್ಗುವ ಬಟ್ಟೆಯವು, ಟೀಶರ್ಟಿನಂಥದ್ದು. ಮಾರುವ ಪುಟದಲ್ಲಿ 'ಯಾವ ಮಷಿನ್‌ಗಾದರೂ ಆಗುತ್ತದೆ' ಅಂತ ಬರೆದಿತ್ತು. ನೇರ ಹೊಲಿಗೆ ಮಾತ್ರ ಬರುವ ಕಾಲು ತುಳಿಯುವ ಮಷಿನ್ ನಮ್ಮದು. ಅದರಲ್ಲಿ ಹೊಲಿದರೆ ತಲೆ ತೂರಿಸುವಾಗ ಬಟ್ಟೆ ಹಿಗ್ಗುತ್ತದೆ, ದಾರ ಹಿಗ್ಗುವುದಿಲ್ಲ, ಪಟಪಟ ಹರಿಯುತ್ತದೆ. ಜಿಗ್‌ಜಾಗ್ ಅಥವಾ ಓವರ್‌ಲಾಕ್ ಬೇಕು, ತುದಿ ಮೊಂಡಾದ ಬಾಲ್‌ಪಾಯಿಂಟ್ ಸೂಜಿ ಬೇಕು. ಬಟ್ಟೆಯಾದರೂ ಸಿಗುತ್ತದೆಯೇ? ನೂರಕ್ಕೆ ನಲವತ್ತು ಹಿಗ್ಗಬೇಕು, ಅಂದರೆ 10 ಸೆಂ.ಮೀ. ಎಳೆದರೆ 14 ಆಗಬೇಕು, ಅಂತ ಅವರ ಷರತ್ತು. ನಾನು ಸುತ್ತಿದ ಅಂಗಡಿಗಳಲ್ಲಿ ತೋರಿಸಿದ್ದು ಲೆಗ್ಗಿಂಗ್ಸ್ ಲೈಕ್ರಾ, ಇಲ್ಲವೇ ಬನಿಯನ್ ಬಟ್ಟೆ. ಕಂಪನಿಗೆ ಮೇಲ್ ಹಾಕಿದೆ. ಬಂದ ಉತ್ತರ: ಮುಂದಿನ ಕಟ್ಟಿಗೆ ರಿಯಾಯಿತಿ ಕೂಪನ್!

ಟೈಲರ್ ಜತೆ ಹೋಲಿಸಿದರೆ? ಬ್ಲೌಸಿಗೆ ಈಗಲೂ ಟೈಲರ್ ಹತ್ತಿರವೇ ಹೋಗುತ್ತೇನೆ, ಆ ಕೈ ನನಗಿಲ್ಲ. ಟಾಪಿಗೆ ಮಾತ್ರ ಹೋಗುವುದಿಲ್ಲ. ಒಮ್ಮೆ ಮೈಗೆ ಹೊಂದಿಸಿದ ಪ್ಯಾಟರ್ನನ್ನು ಕಂದು ಕಾಗದಕ್ಕೆ ಇಳಿಸಿಟ್ಟಿದ್ದೇನೆ, ಹತ್ತನೇ ಟಾಪೂ ಮೊದಲಿನದರಂತೆಯೇ ಕೂರುತ್ತದೆ. ದೀಪಾವಳಿ ಮುಂದೆ 'ಈ ವಾರ ಆಗಲ್ಲ ಮೇಡಮ್' ಕೇಳಬೇಕಾಗಿಲ್ಲ.

ಐದಕ್ಕೆ ಮೂರು ಕೊಡುತ್ತೇನೆ. ಕೊಳ್ಳುವುದಾದರೆ ನೇಯ್ದ ಬಟ್ಟೆಯ ಪ್ಯಾಟರ್ನ್ ಬಿಡಿಯಾಗಿ ಕೊಳ್ಳಿ. ಎ0 ಫೈಲು ಇದೆಯೇ ಅಂತ ದುಡ್ಡು ಕೊಡುವ ಮೊದಲೇ ನೋಡಿ. ನನಗೆ ಕೊಟ್ಟ ಡೌನ್‌ಲೋಡ್ ಲಿಂಕು ಈಗ ತೆರೆಯುತ್ತಿಲ್ಲ, ಆದ್ದರಿಂದ ಫೈಲುಗಳನ್ನು ಅವತ್ತೇ ಪೆನ್‌ಡ್ರೈವಿಗೆ ಇಳಿಸಿಟ್ಟುಕೊಳ್ಳಿ.