ಕಾರ್ ಗೇಮ್‌ಗೆ ಕೀಬೋರ್ಡ್, ಗೇಮ್‌ಪ್ಯಾಡ್, ಅಗ್ಗದ ವೀಲ್, ಮೋಟರ್ ವೀಲ್: ನಾಲ್ಕನ್ನೂ ಓಡಿಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಮೋಟರ್ ಇರುವ ವೀಲ್‌ಗೆ, ಅಂದರೆ ಗೇಮ್‌ನ ಟೈರ್‌ನ ಎಳೆತವನ್ನು ಒಳಗಿನ ಮೋಟರ್‌ನಿಂದ ಕೈಗೆ ಮುಟ್ಟಿಸುವ ಸ್ಟೀರಿಂಗ್‌ಗೆ. ಹೊಸದಲ್ಲ, ಸೆಕೆಂಡ್ ಹ್ಯಾಂಡ್. ಬೆಂಗಳೂರಿನಲ್ಲಿ ಒಬ್ಬರು ಮಾರಲು ಇಟ್ಟಿದ್ದರು. 11,000 ರೂಪಾಯಿ ಕೊಟ್ಟು, ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಕಾಲ ಬುಡದಲ್ಲಿ ಇಟ್ಟುಕೊಂಡು ಬಳ್ಳಾರಿಗೆ ತಂದೆ. "ಕಾರೇ ಇಲ್ಲ, ಬರೀ ಸ್ಟೀರಿಂಗ್ ತಂದಿದ್ದಾನೆ" ಅಂತ ಅಮ್ಮ ಓಣಿಯವರಿಗೆಲ್ಲ ಹೇಳಿ ನಕ್ಕಿದ್ದಾಯಿತು. ನಗಲಿ ಬಿಡಿ. ದುಡ್ಡು ಕೊಟ್ಟ ಮೇಲೂ ಖುಷಿ ಉಳಿಸಿದ ಸಾಮಾನು ನಮ್ಮ ಮನೆಯಲ್ಲಿ ಕಡಿಮೆ, ಅದರಲ್ಲಿ ಇದೊಂದು.

ಎಲ್ಲರೂ ಇದನ್ನೇ ತೆಗೆದುಕೊಳ್ಳಿ ಅನ್ನಲು ಬರೆಯುತ್ತಿಲ್ಲ. "ವೀಲ್ ಅಂದ್ರೆ ವೀಲ್, ಯಾವುದಾದ್ರೇನು" ಅಂತ ಅಗ್ಗದ್ದಕ್ಕೆ ಕೈ ಹಾಕುವವರಿಗಾಗಿ ಬರೆಯುತ್ತಿದ್ದೇನೆ. ನನ್ನ ಲೆಕ್ಕದಲ್ಲಿ ಮೋಟರ್ ವೀಲ್ ಮೊದಲು, ಗೇಮ್‌ಪ್ಯಾಡ್ ಎರಡನೆಯದು, ಕೀಬೋರ್ಡ್ ಮೂರನೆಯದು. ಮೋಟರ್ ಇಲ್ಲದ ವೀಲ್ ಎಲ್ಲಕ್ಕಿಂತ ಕೊನೆಗೆ. ಹೌದು, ಕೀಬೋರ್ಡ್‌ಗಿಂತಲೂ ಕೆಳಗೆ.

ನಾಲ್ಕನ್ನೂ ಒಂದೇ ಗೇಮ್‌ನಲ್ಲಿ ನೋಡಿದ್ದೇನೆ, ಅಸೆಟ್ಟೊ ಕೋರ್ಸಾ. ಇಟಲಿಯ ಕೂನೋಸ್ ಸಿಮುಲಾಜಿಯೋನಿ ಮಾಡಿದ್ದು, 2014ರ ಗೇಮ್. ಹಳೆಯದು, ಆದರೆ ನನ್ನ ಕಂಪ್ಯೂಟರ್ ಕೂಡ ಹಳೆಯದೇ. ಚೆಂದದ ಚಿತ್ರಕ್ಕಿಂತ ಟೈರ್ ರಸ್ತೆಯ ಮೇಲೆ ಏನು ಮಾಡುತ್ತಿದೆ ಅನ್ನುವುದರ ಮೇಲೆ ಈ ಗೇಮ್‌ಗೆ ಜಾಸ್ತಿ ಗಮನ. ಕಾರು ಹಳೆಯ ಬಿಎಂಡಬ್ಲ್ಯು ಎಂ3 ಇ30, ಹಿಂದಿನ ಚಕ್ರ ತಳ್ಳುವ ಗಾಡಿ. ಟ್ರ್ಯಾಕ್ ಇಮೋಲಾ. ಅಲ್ಲಿನ ರಿವಾಝಾ ತಿರುವು ಇಳಿಜಾರಿನಲ್ಲಿದೆ. ಜೋರಾಗಿ ಬಂದು, ಇಳಿಯುತ್ತ ಬ್ರೇಕ್ ಹಿಡಿದು, ಎಡಕ್ಕೆ ಎರಡು ಸಲ ತಿರುಗಬೇಕು. ಸ್ಟೀರಿಂಗ್ ಸುಳ್ಳು ಹೇಳುತ್ತಿದ್ದರೆ ಅಲ್ಲಿ ಸಿಕ್ಕಿಬೀಳುತ್ತದೆ.

ಕೀಬೋರ್ಡ್ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಬಾಣದ ಗುಂಡಿಗೆ ಒತ್ತಿದ್ದು, ಬಿಟ್ಟಿದ್ದು ಎರಡೇ ಗೊತ್ತು. ನಡುವಿನದ್ದನ್ನು ಗೇಮ್ ತಾನೇ ತುಂಬಿಕೊಳ್ಳುತ್ತದೆ. ಗುಂಡಿ ಒತ್ತಿದಾಗ ಎಷ್ಟು ಬೇಗ ತಿರುಗಬೇಕು, ಬಿಟ್ಟಾಗ ಎಷ್ಟು ಬೇಗ ನೇರಕ್ಕೆ ಬರಬೇಕು ಅಂತ ಸೆಟ್ಟಿಂಗ್ಸ್‌ನಲ್ಲಿ ಬದಲಿಸಬಹುದು. ಟಕ್ ಟಕ್ ಅಂತ ಚಿಕ್ಕ ಚಿಕ್ಕ ಒತ್ತು ಕೊಟ್ಟು ಓಡಿಸುವುದು ಒಂದು ಕಲೆ, ಅದನ್ನು ಕಲಿತವರು ನನಗಿಂತ ಚೆನ್ನಾಗಿ ಓಡಿಸುತ್ತಾರೆ. ತೊಂದರೆ ಇರುವುದು ಆಕ್ಸಿಲರೇಟರ್‌ನಲ್ಲಿ. ತಿರುವಿನಿಂದ ಹೊರಬರುವಾಗ ಅರ್ಧ ಕೊಡಬೇಕಾದಲ್ಲಿ ಪೂರ್ತಿ ಹೋಗುತ್ತದೆ, ಗಾಡಿ ಗಿರಕಿ ಹೊಡೆಯುತ್ತದೆ. ಚಕ್ರ ಹಿಡಿತ ಬಿಟ್ಟು ಸುಮ್ನೆ ಸುತ್ತದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ಆನ್ ಮಾಡಿಕೊಳ್ಳಬೇಕು, ಅಷ್ಟೇ.

ಗೇಮ್‌ಪ್ಯಾಡ್‌ಗೆ ನನ್ನ ಗೌರವ ಈಗಲೂ ಇದೆ. ಸುಮಾರು 2,000 ರೂಪಾಯಿಗೆ ಇಷ್ಟು ಸಿಗುವುದು ದೊಡ್ಡದು. ಹೆಬ್ಬೆರಳಿನಲ್ಲಿ ಅಲ್ಲಾಡಿಸುವ ಪುಟ್ಟ ಕಡ್ಡಿಯೇ ಇದರ ಸ್ಟೀರಿಂಗ್, ಅದು ಅಲ್ಲಾಡುವ ಜಾಗ ಹೆಬ್ಬೆರಳಿನ ತುದಿಯಷ್ಟು. ಅಷ್ಟರಲ್ಲೇ ಇಡೀ ಸ್ಟೀರಿಂಗ್ ಅಡಗಬೇಕು. ಹಾಗಾಗಿ ಗೇಮ್ ಸಹಾಯ ಮಾಡುತ್ತದೆ. ವೇಗ ಹೆಚ್ಚಾದಂತೆ ಕಡ್ಡಿಯ ಪರಿಣಾಮ ಕಡಿಮೆ ಮಾಡುತ್ತದೆ, ಅದು ಸ್ಪೀಡ್ ಸೆನ್ಸಿಟಿವಿಟಿ. ನಡುಮಧ್ಯದ ಅಲುಗಾಟವನ್ನು ಮೆತ್ತಗೆ ಮಾಡುತ್ತದೆ, ಅದು ಗಾಮಾ. ಬೆರಳಿನ ನಡುಕ ಸೋಸುತ್ತದೆ, ಅದು ಫಿಲ್ಟರ್. ಇವು ಮೂರನ್ನೂ ಕೂತು ಹೊಂದಿಸಿದರೆ ರಿವಾಝಾ ಸಲೀಸು. ಟ್ರಿಗರ್ ಗುಂಡಿಗಳಲ್ಲಿ ಬ್ರೇಕ್ ಮತ್ತು ಆಕ್ಸಿಲರೇಟರ್ ಬೇಕಾದಷ್ಟೇ ಕೊಡಬಹುದು. ಫೋರ್ಝಾ ಹೊರೈಝನ್ ಥರದ, ಮಜಾಕ್ಕೆ ಓಡಿಸುವ ಗೇಮ್‌ಗಳಿಗಂತೂ ವೀಲ್‌ಗಿಂತ ಇದೇ ವಾಸಿ. ಸೋಫಾದ ಮೇಲೆ ಕಾಲು ಚಾಚಿ ಆಡಬಹುದು, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು ಅಲ್ವಾ?

ಈಗ ಅಗ್ಗದ ವೀಲ್‌ಗೆ ಬರೋಣ. ಇದು ನನ್ನ ತಮ್ಮನದು. 6,500 ರೂಪಾಯಿ. ಕಂಪನಿ ಹೆಸರು ಬೇಡ, ಆ ಬೆಲೆಯ ಬೇರೆ ಪೆಟ್ಟಿಗೆಗಳ ಮೇಲೂ ಇದೇ ಗುಣಗಳನ್ನು ಓದಿದ್ದೇನೆ. ನೋಡಲು ಚೆಂದ. ಕೆಂಪು ಹೊಲಿಗೆ, ಹಿಂದೆ ಗೇರ್ ಬದಲಿಸುವ ಪ್ಯಾಡಲ್, ಕಾಲಿಗೆ ಎರಡು ಪೆಡಲ್. ತಿರುಗುವುದು 270 ಡಿಗ್ರಿ, ಅಂದರೆ ಮುಕ್ಕಾಲು ಸುತ್ತು. ಒಳಗೆ ಮೋಟರ್ ಇಲ್ಲ, ಸ್ಪ್ರಿಂಗ್ ಇದೆ. ಕೈ ಬಿಟ್ಟರೆ ಟಪ್ ಅಂತ ನೇರಕ್ಕೆ ಬರುತ್ತದೆ. ಕಾರು ನಿಂತಿರಲಿ, ನೂರೈವತ್ತರಲ್ಲಿ ಓಡುತ್ತಿರಲಿ, ಗೋಡೆಗೆ ಗುದ್ದಿರಲಿ, ಸ್ಪ್ರಿಂಗ್ ಎಳೆಯುವುದು ಒಂದೇ ಥರ. ಜಾತ್ರೆಯಲ್ಲಿ ಸುತ್ತುವ ಮಕ್ಕಳ ಕಾರಿನ ಸ್ಟೀರಿಂಗ್ ನೋಡಿದ್ದೀರಲ್ಲ, ಹಾಗೆ.

ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ನಿಜವಾದ ಕಿರಿಕಿರಿ ಬೇರೆ ಇದೆ. ನೇರ ರಸ್ತೆಯಲ್ಲಿ ಸ್ಟೀರಿಂಗ್ ಸ್ವಲ್ಪ ತಿರುಗಿಸಿದರೆ ಕಾರು ಏನೂ ಮಾಡುವುದಿಲ್ಲ. ಇನ್ನೂ ಸ್ವಲ್ಪ ತಿರುಗಿಸಿದರೂ ಇಲ್ಲ. ಮತ್ತೊಂಚೂರು ತಿರುಗಿಸಿದ್ದೇ ತಡ, ಗಾಡಿ ಒಮ್ಮೆಲೇ ಪಕ್ಕಕ್ಕೆ ನುಗ್ಗುತ್ತದೆ. ಸರಿ ಮಾಡಲು ಆ ಕಡೆ ತಿರುಗಿಸಿದರೆ ಮತ್ತೆ ಅದೇ ಕಥೆ, ನಡುವೆ ಏನೂ ಇಲ್ಲ, ಆಮೇಲೆ ಒಮ್ಮೆಲೇ. ನೇರ ರಸ್ತೆಯಲ್ಲೇ ಹಾವಿನ ನಡೆ. ತಮ್ಮ ಸ್ಪ್ರಿಂಗ್ ಸಡಿಲ ಆಗಿದೆ ಅಂದ. ನಾನೂ ಕೇಬಲ್ ಬದಲಿಸಿ ನೋಡಿದೆ.

ಕಾರಣ ಇಷ್ಟು. ಈ ವೀಲ್ ಕಂಪ್ಯೂಟರ್‌ಗೆ ತಾನು ವೀಲ್ ಅಂತ ಹೇಳಿಕೊಳ್ಳುವುದೇ ಇಲ್ಲ. ತಾನೊಂದು ಎಕ್ಸ್‌ಬಾಕ್ಸ್ ಗೇಮ್‌ಪ್ಯಾಡ್ ಅಂತ ಹೇಳುತ್ತದೆ. ಹಾಗೆ ಹೇಳಿದರೆ ಯಾವ ಡ್ರೈವರ್ ಸಾಫ್ಟ್‌ವೇರ್ ಹಾಕದೆ ಬಹಳಷ್ಟು ಗೇಮ್‌ಗಳಲ್ಲಿ ನಡೆಯುತ್ತದೆ, ಮಾರುವವರಿಗೆ ತಲೆನೋವು ಇಲ್ಲ. ಆದರೆ ಗೇಮ್ ಇದನ್ನು ಹೆಬ್ಬೆರಳಿನ ಕಡ್ಡಿ ಅಂತ ನಂಬಿ, ಕಡ್ಡಿಗೆ ಮಾಡುವ ಉಪಚಾರವನ್ನೆಲ್ಲ ಇದಕ್ಕೂ ಮಾಡುತ್ತದೆ. ಕಡ್ಡಿ ಸವೆದರೆ ಸುಮ್ನೆ ಬಿಟ್ಟಾಗಲೂ ಒಂಚೂರು ಓರೆಯಾಗಿ ನಿಲ್ಲುತ್ತದೆ ಅಂತ ನಡುವೆ ಸ್ವಲ್ಪ ಜಾಗ ಸತ್ತಂತೆ ಇಟ್ಟಿರುತ್ತಾರೆ, ಡೆಡ್‌ಝೋನ್ ಅಂತ. ಕಡ್ಡಿಯಲ್ಲಿ ಅದು ಕೂದಲೆಳೆ. ವೀಲ್‌ನಲ್ಲಿ ಅದೇ ಎರಡು ಬೆರಳಿನ ಅಗಲ. ಅದರ ಮೇಲೆ ಫಿಲ್ಟರ್ ಬೇರೆ, ಹಾಗಾಗಿ ಕೈ ತಿರುಗಿದ ಮೇಲೆ ಕಾರು ತಡವಾಗಿ ತಿರುಗುತ್ತದೆ. ಅದರ ಮೇಲೆ ಸ್ಪೀಡ್ ಸೆನ್ಸಿಟಿವಿಟಿ, ಹಾಗಾಗಿ ಒಂದೇ ತಿರುವಿಗೆ ನಿಧಾನದಲ್ಲಿ ಒಂದಷ್ಟು, ಜೋರಿನಲ್ಲಿ ಇನ್ನೊಂದಷ್ಟು. ಕೈಗೆ ಅಭ್ಯಾಸ ಕೂರುವುದಾದರೂ ಹೇಗೆ?

ಇದಕ್ಕೊಂದು ದಾರಿ ಇದೆ. ನಡುವಿನ ಗುಂಡಿಯನ್ನು ಕೆಲವು ಸೆಕೆಂಡ್ ಒತ್ತಿ ಹಿಡಿದರೆ ದೀಪದ ಬಣ್ಣ ಬದಲಾಗಿ ವೀಲ್ ಬೇರೆ ಮೋಡ್‌ಗೆ ಹೋಗುತ್ತದೆ. ಆಗ ಕಡ್ಡಿಯ ಉಪಚಾರ ನಿಲ್ಲುತ್ತದೆ, ಸ್ಟೀರಿಂಗ್ ಎಷ್ಟೋ ನೆಟ್ಟಗಾಗುತ್ತದೆ. ಖುಷಿಯಿಂದ ಪೆಡಲ್ ಒತ್ತಿದೆವು. ಆ ಮೋಡ್‌ನಲ್ಲಿ ಬ್ರೇಕ್ ಮತ್ತು ಆಕ್ಸಿಲರೇಟರ್ ಎರಡೂ ಒಂದೇ ಆಕ್ಸಿಸ್! ಒಂದು ಒತ್ತಿದರೆ ಅಳತೆ ಮೇಲೆ ಹೋಗುತ್ತದೆ, ಇನ್ನೊಂದು ಒತ್ತಿದರೆ ಕೆಳಗೆ. ಎರಡನ್ನೂ ಒತ್ತಿದರೆ ಒಂದನ್ನೊಂದು ಕಳೆದು ನಡುವೆ ನಿಲ್ಲುತ್ತದೆ. ಬ್ರೇಕ್ ಬಿಡುತ್ತ ಬಿಡುತ್ತ ಆಕ್ಸಿಲರೇಟರ್ ಕೊಡುವ ಕೆಲಸ ಮುಗಿಯಿತು. ಮೋಡ್ ಬದಲಿಸಿದ್ದು ವೀಲ್‌ಗೆ ನೆನಪಿರುವುದೂ ಇಲ್ಲ, ಪ್ರತಿ ಸಲ ಯುಎಸ್‌ಬಿ ಚುಚ್ಚಿದಾಗ ಮತ್ತೆ ಗೇಮ್‌ಪ್ಯಾಡ್ ವೇಷ. ತಮ್ಮ ಈಗ ಅದರಲ್ಲಿ ಯೂರೋ ಟ್ರಕ್ ಸಿಮ್ಯುಲೇಟರ್ ಆಡುತ್ತಾನೆ, ನಿಧಾನಕ್ಕೆ ಹೋಗುವ ಗೇಮ್ ಆದ್ದರಿಂದ ನಡೆಯುತ್ತದೆ ಅನ್ನುತ್ತಾನೆ. ಆ ಗೇಮ್‌ಗೆ ಮೌಸ್ ಇದ್ದರೂ ನಡೆಯುತ್ತದೆ.

ಮೋಟರ್ ವೀಲ್ ಬೇರೆಯೇ ಲೋಕ. ನನ್ನದು ಗೇರ್ ಹಲ್ಲಿನದ್ದು, ಅಂದರೆ ಮೋಟರ್‌ನ ಬಲ ಹಲ್ಲುಚಕ್ರಗಳ ಮೂಲಕ ಸ್ಟೀರಿಂಗ್‌ಗೆ ಬರುತ್ತದೆ, 900 ಡಿಗ್ರಿ. ಈ ತುದಿಯಿಂದ ಆ ತುದಿಗೆ ಎರಡೂವರೆ ಸುತ್ತು. ಅದಕ್ಕಿಂತ ಮುಖ್ಯ ಅದು ಕೈಗೆ ಹೇಳುವ ಸುದ್ದಿ. ಓಡುವ ಕಾರಿನ ಮುಂದಿನ ಚಕ್ರ ತಾನಾಗಿ ನೇರಕ್ಕೆ ಬರಲು ನೋಡುತ್ತದೆ. ಆ ಎಳೆತವೇ ಸ್ಟೀರಿಂಗ್‌ನ ಭಾರ. ತಿರುವಿನಲ್ಲಿ ಹೆಚ್ಚು ತಿರುಗಿಸಿದಷ್ಟೂ ಭಾರ ಏರುತ್ತದೆ. ಆದರೆ ಟೈರ್ ಹಿಡಿತ ಪೂರ್ತಿ ಮುಗಿಯುವ ಸ್ವಲ್ಪ ಮುಂಚೆಯೇ ಆ ಭಾರ ಇಳಿಯತೊಡಗುತ್ತದೆ. ರಿವಾಝಾದಲ್ಲಿ ಜಾಸ್ತಿ ವೇಗದಲ್ಲಿ ಇಳಿದರೆ ಸ್ಟೀರಿಂಗ್ ಇದ್ದಕ್ಕಿದ್ದಂತೆ ಹಗುರ ಅನಿಸುತ್ತದೆ. ಕಣ್ಣಿಗೆ ಇನ್ನೂ ಏನೂ ಕಂಡಿರುವುದಿಲ್ಲ, ಕೈಗೆ ಗೊತ್ತಾಗಿರುತ್ತದೆ. ಇನ್ನೂ ತಿರುಗಿಸಿ ಉಪಯೋಗವಿಲ್ಲ, ಸ್ಟೀರಿಂಗ್ ಸ್ವಲ್ಪ ನೇರಕ್ಕೆ ಬಿಟ್ಟು ಕಾಯಬೇಕು.

ಹಿಂಬದಿ ಜಾರಿದಾಗ ಇನ್ನೂ ಚೆನ್ನಾಗಿರುತ್ತದೆ. ಕಾರು ಅಡ್ಡ ತಿರುಗಿದರೂ ಮುಂದಿನ ಚಕ್ರ ಗಾಡಿ ಹೋಗುತ್ತಿರುವ ದಿಕ್ಕಿಗೇ ಮುಖ ಮಾಡಲು ನೋಡುತ್ತದೆ, ಹಾಗಾಗಿ ಸ್ಟೀರಿಂಗ್ ತಾನೇ ಎದುರು ದಿಕ್ಕಿಗೆ ಸುತ್ತುತ್ತದೆ. ಬಿಗಿಯಾಗಿ ಹಿಡಿದರೆ ಕೆಡುತ್ತದೆ. ಅಂಗೈ ಸಡಿಲ ಮಾಡಿ ಅದನ್ನು ಓಡಲು ಬಿಟ್ಟು, ಸರಿಯಾದ ಜಾಗದಲ್ಲಿ ಹಿಡಿಯಬೇಕು. ಗೇಮ್‌ಪ್ಯಾಡ್‌ನಲ್ಲಿ ಇದನ್ನು ಕಣ್ಣಿನ ಅಂದಾಜಿನಲ್ಲಿ ಮಾಡುತ್ತಿದ್ದೆ.

ಒಂದು ಸೆಟ್ಟಿಂಗ್ ಮಾತ್ರ ಗಮನಿಸಿ. ಮೋಟರ್ ಎಷ್ಟು ಜೋರಾಗಿ ಎಳೆಯಬೇಕು ಅನ್ನುವುದು ಗೇನ್. ಅದನ್ನು ಜಾಸ್ತಿ ಇಟ್ಟರೆ ಸ್ಟೀರಿಂಗ್ ಭಾರವಾಗಿ "ಆಹಾ, ನಿಜವಾದ ಕಾರು" ಅನಿಸುತ್ತದೆ, ಆದರೆ ಮೋಟರ್ ತನ್ನ ಮಿತಿ ಮುಟ್ಟಿದ ಮೇಲೆ ಎಲ್ಲವೂ ಒಂದೇ ಭಾರ, ಸಣ್ಣ ಸುದ್ದಿ ಕೈಗೆ ಬರುವುದಿಲ್ಲ. ಅಸೆಟ್ಟೊದಲ್ಲಿ ಪೆಡಲ್ ಎಷ್ಟು ಒತ್ತಿದೆ ಅಂತ ಪರದೆಯ ಮೇಲೆ ತೋರಿಸುವ ಪಟ್ಟಿಗಳ ಪಕ್ಕ ಮೋಟರ್‌ನ ಬಲಕ್ಕೂ ಒಂದು ಪಟ್ಟಿ ಇದೆ. ತಿರುವಿನಲ್ಲಿ ಅದು ಕೆಂಪಾಗುತ್ತಿದ್ದರೆ ಗೇನ್ ಇಳಿಸಿ.

ನಮ್ಮ ಮಾವನ ಮಗ ಸಂಡೂರು ಕಡೆ ಅದಿರಿನ ಟಿಪ್ಪರ್ ಓಡಿಸುತ್ತಾನೆ. ಒಂದು ಭಾನುವಾರ ಅವನನ್ನು ನನ್ನ ವೀಲ್ ಮುಂದೆ ಕೂರಿಸಿದೆ, ಯೂರೋ ಟ್ರಕ್ ಹಾಕಿಕೊಟ್ಟೆ. ಬ್ರಿಟನ್‌ನಿಂದ ಶುರು ಮಾಡಿದೆ, ಅಲ್ಲಿ ನಮ್ಮ ಹಾಗೇ ಎಡಗಡೆ ಓಡಿಸುತ್ತಾರೆ. ಕೂತವನು ಮೊದಲು ಕನ್ನಡಿ ನೋಡಿದ. ಬಲಗೈ ಅಂಗೈಯನ್ನು ಸ್ಟೀರಿಂಗ್ ಮೇಲೆ ಚಪ್ಪಟೆ ಇಟ್ಟು, ಬೆರಳು ಮಡಚದೆ ಸುತ್ತಿದ. ತಿರುವು ಮುಗಿದಾಗ ಅಂಗೈ ಎತ್ತಿಬಿಟ್ಟ, ವೀಲ್ ತಾನೇ ಜಾರಿ ನೇರಕ್ಕೆ ಬಂತು. ಯಾರೂ ಹೇಳಿಕೊಟ್ಟಿರಲಿಲ್ಲ. ತಮ್ಮನ ವೀಲ್ ಮೇಲೆ ಅದನ್ನೇ ಮಾಡಲು ಹೋದಾಗ ಸ್ಪ್ರಿಂಗ್ ಅಂಗೈಯನ್ನೇ ತಳ್ಳಿತು. "ಇದು ಗಾಡಿ ಅಲ್ಲಲೇ, ಬಾಗಿಲು" ಅಂದ. ಮೋಟರ್ ವೀಲ್‌ಗೂ ಪೂರ್ತಿ ನಂಬರ್ ಕೊಡಲಿಲ್ಲ. "ಗಾಡಿ ಖಾಲಿ ಐತೋ ಲೋಡ್ ಐತೋ ಬ್ರೇಕ್ ಹಿಡಿದ್ರೆ ಗೊತ್ತಾಗಬೇಕು, ಇದ್ರಾಗ ಗೊತ್ತಾಗಲ್ಲ" ಅಂದ. ನಿಜ. ಬ್ರೇಕ್ ಹಿಡಿದಾಗ ಮೈ ಮುಂದಕ್ಕೆ ಹೋಗುವುದು, ಆಕ್ಸಿಲರೇಟರ್ ಕೊಟ್ಟಾಗ ಸೀಟು ಬೆನ್ನಿಗೆ ಒತ್ತುವುದು ಯಾವ ವೀಲ್‌ನಲ್ಲೂ ಇಲ್ಲ. ರಿಯಲಿಸಂ ಅಂತ ನಾವು ಹೊಗಳುವುದು ಅಂಗೈಯ ಮಟ್ಟಿಗೆ ಮಾತ್ರ.

ಮೋಟರ್ ವೀಲ್‌ಗೂ ಕಾಟಗಳಿವೆ. ಗೇರ್ ಹಲ್ಲಿನ ಕಟಕಟ ಸದ್ದು ರಾತ್ರಿ ಪಕ್ಕದ ಕೋಣೆಗೆ ಕೇಳುತ್ತದೆ, ಫ್ಯಾನ್ ಜೋರಾಗಿಟ್ಟರೆ ಸ್ವಲ್ಪ ಮುಚ್ಚುತ್ತದೆ. ನಮ್ಮೂರ ಏಪ್ರಿಲ್‌ನಲ್ಲಿ ಫ್ಯಾನ್ ಹೇಗೂ ಜೋರೇ. ಕರೆಂಟ್ ಹೋಗಿ ಬಂದಾಗ ವೀಲ್ ತನ್ನ ಮಧ್ಯ ಹುಡುಕಿಕೊಳ್ಳಲು ತಾನೇ ಎಡಕ್ಕೊಮ್ಮೆ ಬಲಕ್ಕೊಮ್ಮೆ ಪೂರ್ತಿ ಸುತ್ತುತ್ತದೆ, ಹತ್ತಿರ ಚಹಾ ಲೋಟ ಇಡಬೇಡಿ. ಟೈಲ್ಸ್ ನೆಲದಲ್ಲಿ ಪೆಡಲ್ ಮುಂದಕ್ಕೆ ಜಾರುತ್ತದೆ, ಗೋಡೆಗೆ ಒಂದು ಹಲಗೆ ಕೊಟ್ಟು ನಿಲ್ಲಿಸಿದ್ದೇನೆ. ಗಾಲಿ ಕುರ್ಚಿ ಬೇಡವೇ ಬೇಡ.

ಧೂಳು ಇನ್ನೊಂದು. ಪೆಡಲ್ ಒಳಗೆ ಪೊಟೆನ್ಷಿಯೋಮೀಟರ್ ಇರುತ್ತದೆ, ಹಳೆಯ ರೇಡಿಯೋದ ವಾಲ್ಯೂಮ್ ತಿರುಗಣೆಯೊಳಗೆ ಇರುವಂಥದ್ದೇ. ಅದಕ್ಕೆ ಧೂಳು ಕೂತರೆ ಕಾಲು ಇಡದಿದ್ದರೂ ಬ್ರೇಕ್ ಮಿಣುಕುತ್ತದೆ, ನೇರ ರಸ್ತೆಯಲ್ಲಿ ಗಾಡಿ ಸುಮ್ನೆ ತಡವರಿಸುತ್ತದೆ. ಅದಿರಿನ ಲಾರಿ ಓಡಾಡುವ ರಸ್ತೆಯ ಹತ್ತಿರ ಮನೆ ಇದ್ದರೆ ಇದು ಬಂದೇ ಬರುತ್ತದೆ. ಪೆಡಲ್ ಬಿಚ್ಚಿ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಕೆಲವು ಸಲ ಒತ್ತಿ ಬಿಟ್ಟರೆ ಸರಿಹೋಗುತ್ತದೆ. ಆಡದಿದ್ದಾಗ ಹಳೆಯ ಜೀನ್ಸ್ ಬಟ್ಟೆ ಮುಚ್ಚಿಡುತ್ತೇನೆ, ಬಳ್ಳಾರಿಯಲ್ಲಿ ಅದಕ್ಕೇನು ಬರ.

ನಾನು ಕೆಲಸ ಮುಗಿಸಿ ರಾತ್ರಿ ಊಟವಾದ ಮೇಲೆ ಒಂದೇ ಗೇಮ್, ಒಂದೆರಡು ಕಾರು ಇಟ್ಟುಕೊಂಡು ಆಡುವವನು. ಟೇಬಲ್ ಒಂದು ಕಡೆ ಖಾಯಂ ಇದೆ. ಅದಕ್ಕೇ ನನಗೆ ವೀಲ್ ಹೊಂದುತ್ತದೆ. ಬಾಡಿಗೆ ಕೋಣೆಯಲ್ಲಿ ಇದ್ದು, ದಿನಕ್ಕೊಂದು ಗೇಮ್ ಬದಲಿಸುವವರಾದರೆ ಗೇಮ್‌ಪ್ಯಾಡ್ ತೆಗೆದುಕೊಂಡು ಸೆಟ್ಟಿಂಗ್ಸ್‌ಗೆ ಒಂದು ಸಂಜೆ ಕೊಡಿ. ಕೈಯಲ್ಲಿ ಆರೇಳು ಸಾವಿರ ಇದ್ದು ವೀಲೇ ಬೇಕು ಅನಿಸಿದರೆ ಅದನ್ನು ಹಾಗೇ ಇಟ್ಟು, ಇನ್ನೂ ನಾಲ್ಕೈದು ಸಾವಿರ ಕೂಡುವವರೆಗೆ ಕೀಬೋರ್ಡ್‌ನಲ್ಲೇ ಆಡಿ.

ಸೆಕೆಂಡ್ ಹ್ಯಾಂಡ್ ನೋಡಲು ಹೋದಾಗ ಲ್ಯಾಪ್‌ಟಾಪ್ ಒಯ್ಯಿರಿ. ವಿಂಡೋಸ್‌ನ ಗೇಮ್ ಕಂಟ್ರೋಲರ್ ಕಿಟಕಿ ತೆರೆದು ಒಂದೊಂದೇ ಪೆಡಲ್ ನಿಧಾನಕ್ಕೆ ಒತ್ತಿ, ಪಟ್ಟಿ ಕುಣಿಯಬಾರದು. ವೀಲ್ ಎರಡೂ ತುದಿಗೆ ಸುತ್ತಿ, ಎಲ್ಲೂ ಹಲ್ಲು ತಪ್ಪಿದಂತೆ ಆಗಬಾರದು. ಪವರ್ ಅಡಾಪ್ಟರ್ ಅದರದ್ದೇ ಇದೆಯಾ ಕೇಳಿ. "ಅಡಾಪ್ಟರ್ ಅಂಗಡಿಯಲ್ಲಿ ಯಾವುದಾದರೂ ಸಿಗುತ್ತೆ ಸರ್" ಅಂದರೆ ಅಲ್ಲಿಂದ ಎದ್ದು ಬನ್ನಿ.