ರೆವಿಟ್‌ನಲ್ಲಿ ಫ್ಯಾಮಿಲಿಯೊಳಗಿನ ಫ್ಯಾಮಿಲಿಯ ಅಕ್ಷರ ಕಾಣಬೇಕಾದರೆ: ನಾಲ್ಕು ದಾರಿ ಮಾಡಿ ನೋಡಿದೆ

ರೆವಿಟ್ ಅಂದರೆ ಕಟ್ಟಡದ ಮಾಡೆಲ್ ಮಾಡಿ ಡ್ರಾಯಿಂಗ್ ತೆಗೆಯುವ ಸಾಫ್ಟ್‌ವೇರ್, ಅದರಲ್ಲಿ ಮತ್ತೆ ಮತ್ತೆ ಬಳಸುವ ಸಿದ್ಧ ವಸ್ತುವೇ ಫ್ಯಾಮಿಲಿ. ಒಂದು ಸ್ವಿಚ್‌ಬೋರ್ಡ್ ಫ್ಯಾಮಿಲಿ ಅಂದುಕೊಳ್ಳಿ. ಅದರೊಳಗೆ ಮೂರು ಸಾಕೆಟ್ ಫ್ಯಾಮಿಲಿ. ಒಂದೊಂದು ಸಾಕೆಟ್ ಒಳಗೂ ಪ್ಲಾನಿನಲ್ಲಿ ಕಾಣುವ ಒಂದು ಸಿಂಬಲ್, ಅದರ ಪಕ್ಕ ಎರಡು ಮೂರು ಅಕ್ಷರ. ಇದು 6 ಆಂಪಿಯರ್‌ನದೋ 16ರದೋ, ಮಿಕ್ಸಿಗೋ ಗೀಸರ್‌ಗೋ ಅಂತ ಹೇಳುವ ಅಕ್ಷರ. ಫ್ಯಾಮಿಲಿ ಎಡಿಟರ್‌ನಲ್ಲಿ ಎಲ್ಲ ಚೆನ್ನಾಗಿ ಕಾಣುತ್ತದೆ. ಪ್ರಾಜೆಕ್ಟ್‌ಗೆ ಲೋಡ್ ಮಾಡಿದರೆ ಬೋರ್ಡ್ ಬರುತ್ತದೆ, ಸಾಕೆಟ್ ಬರುತ್ತದೆ, ಅಕ್ಷರ ಮಾತ್ರ ಬರುವುದಿಲ್ಲ.

ನನಗೆ ಇದು ಒಂದೂವರೆ ದಿನ ತಿಂದಿತು. ಮನೆಗಳ ಎಲೆಕ್ಟ್ರಿಕಲ್ ಡ್ರಾಯಿಂಗ್‌ನಲ್ಲಿ ಆ ಅಕ್ಷರವೇ ಮುಖ್ಯ ಅಲ್ವಾ? ಸೈಟಿನಲ್ಲಿ ಎಲೆಕ್ಟ್ರಿಷಿಯನ್ ಮಾಡೆಲ್ ತೆರೆದು ನೋಡುವುದಿಲ್ಲ, ಕೈಯಲ್ಲಿರುವ ಪ್ರಿಂಟ್ ನೋಡಿ ಗೋಡೆ ಒಡೆಯುತ್ತಾರೆ. ಗೀಸರ್‌ಗೆ 16 ಆಂಪಿಯರ್ ಸಾಕೆಟ್ ಬೇಕಾದ ಕಡೆ 6ರದ್ದು ಕೂತರೆ ಆಮೇಲೆ ವೈರನ್ನೂ ಬದಲಿಸಬೇಕಾಗುತ್ತದೆ. ಹಾಗಾಗಿ ಒಂದೇ ಅಡುಗೆಮನೆಯನ್ನು ಇಟ್ಟುಕೊಂಡು, ಒಂದೇ ಬೋರ್ಡನ್ನು ನಾಲ್ಕು ರೀತಿ ಮಾಡಿ, 1:50 ಮತ್ತು 1:100 ಎರಡರಲ್ಲೂ ಪ್ರಿಂಟ್ ತೆಗೆದು ನೋಡಿದೆ.

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಬಿಡುತ್ತೇನೆ. ಸಾಕೆಟ್‌ನಂಥ ಮಾಡೆಲ್ ಫ್ಯಾಮಿಲಿಯಲ್ಲಿ ಲೇಬಲ್ (ಪ್ಯಾರಾಮೀಟರ್‌ನ, ಅಂದರೆ ಬದಲಿಸಬಹುದಾದ ಗುಣದ, ಬೆಲೆಯನ್ನು ಓದಿ ತೋರಿಸುವ ಅಕ್ಷರ) ನೇರವಾಗಿ ಹಾಕಲು ಬರುವುದಿಲ್ಲ. ಲೇಬಲ್ ಇರುವುದು ಅನೋಟೇಶನ್ ಫ್ಯಾಮಿಲಿಗಳಲ್ಲಿ (ಡ್ರಾಯಿಂಗ್ ಮೇಲಿನ ಬರಹ, ಗುರುತು), ಟೈಟಲ್ ಬ್ಲಾಕ್‌ನಲ್ಲಿ (ಶೀಟಿನ ಚೌಕಟ್ಟು). ಆದ್ದರಿಂದ ಒಂದು ಜೆನೆರಿಕ್ ಅನೋಟೇಶನ್ ಮಾಡಿ, ಅದರಲ್ಲಿ ಲೇಬಲ್ ಇಟ್ಟು, ಅದನ್ನು ಸಾಕೆಟ್ ಒಳಗೆ ಸಿಂಬಲ್ ಕಮ್ಯಾಂಡ್‌ನಿಂದ ಕೂರಿಸಬೇಕು. ಅನೋಟೇಶನ್ ಒಳಗೆ ಲೇಬಲ್ ಬದಲು ಸುಮ್ನೆ ಟೆಕ್ಸ್ಟ್ ಬರೆದರೂ ಕಾಣುತ್ತದೆ, ಆದರೆ ಅದು ಬದಲಾಗುವುದಿಲ್ಲ. ಒಂದೊಂದು ಪದಕ್ಕೂ ಒಂದೊಂದು ಅನೋಟೇಶನ್ ಫೈಲ್ ಮಾಡುತ್ತಾ ಹೋಗಬೇಕು. ಹತ್ತು ಬಗೆಯ ಪಾಯಿಂಟ್ ಇರುವ ಮನೆಗೆ ಅದು ಆಗದ ಕೆಲಸ, ಹಾಗಾಗಿ ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ಮೊದಲನೆಯ ದಾರಿ ಎಲ್ಲರೂ ಮೊದಲು ಹಿಡಿಯುವುದೇ. ಸಾಕೆಟ್ ತನ್ನ ಸಿಂಬಲ್ಲನ್ನು ತಾನೇ ಹೊತ್ತುಕೊಂಡು ಬರುತ್ತದೆ. ಬೋರ್ಡ್‌ನಲ್ಲಿ ಒಂದು ಟೆಕ್ಸ್ಟ್ ಪ್ಯಾರಾಮೀಟರ್, ಅದನ್ನು ಸಾಕೆಟ್‌ನ ಪ್ಯಾರಾಮೀಟರ್‌ಗೆ ಕಟ್ಟುವುದು, ಸಾಕೆಟ್‌ನದನ್ನು ಅನೋಟೇಶನ್‌ನ ಲೇಬಲ್ ಓದುವ ಪ್ಯಾರಾಮೀಟರ್‌ಗೆ ಕಟ್ಟುವುದು. ಪ್ರಾಪರ್ಟೀಸ್ ಪಟ್ಟಿಯ ಬಲತುದಿಯಲ್ಲಿ ಸಣ್ಣ ಚೌಕದ ಬಟನ್ ಇದೆಯಲ್ಲ, ಅದನ್ನು ಒತ್ತಿ ಕಟ್ಟಬೇಕು. ಕಟ್ಟಿದ ಮೇಲೆ ಅದರ ಮೇಲೆ ಸಮ ಚಿಹ್ನೆ ಬರುತ್ತದೆ. ಇಷ್ಟು ಮಾಡಿದರೂ ಅಕ್ಷರ ಬರಲಿಲ್ಲ, ಯಾಕೆಂದರೆ ನಡುವಿನ ಸಾಕೆಟ್ ಫ್ಯಾಮಿಲಿಗೆ ಶೇರ್ಡ್ ಅನ್ನುವ ಟಿಕ್ ಹಾಕಿರಲಿಲ್ಲ. ಫ್ಯಾಮಿಲಿ ಕೆಟಗರಿ ಅಂಡ್ ಪ್ಯಾರಾಮೀಟರ್ಸ್ ಕಿಟಕಿಯಲ್ಲಿ ಕೆಳಗೆ ಇರುವ ಒಂದು ಸಣ್ಣ ಚೌಕ. ಅನೋಟೇಶನ್ ಇರುವ ಫ್ಯಾಮಿಲಿಯನ್ನು ಇನ್ನೊಂದರ ಒಳಗೆ ಹಾಕಿದಾಗ, ಆ ಟಿಕ್ ಇಲ್ಲದಿದ್ದರೆ ರೆವಿಟ್ ಅದರ ಸಿಂಬಲ್ಲನ್ನು ಪ್ರಾಜೆಕ್ಟ್‌ನಲ್ಲಿ ತೋರಿಸುವುದಿಲ್ಲ. ನನ್ನ ಒಂದೂವರೆ ದಿನ ಹೋದದ್ದು ಇದಕ್ಕೇ.

ಟಿಕ್ ಹಾಕಿದ ಮೇಲೆ ಇನ್ನೊಂದು ಪಾಠ ಸಿಕ್ಕಿತು. ನಾನು ಸಾಕೆಟ್‌ನಲ್ಲಿ ಆ ಟೆಕ್ಸ್ಟನ್ನು ಟೈಪ್ ಪ್ಯಾರಾಮೀಟರ್ ಮಾಡಿದ್ದೆ, ಅಂದರೆ ಆ ಬಗೆಯ ಎಲ್ಲ ಸಾಕೆಟ್‌ಗೂ ಒಂದೇ ಬೆಲೆ. ಶೇರ್ಡ್ ಫ್ಯಾಮಿಲಿಯ ಟೈಪ್ ಪ್ಯಾರಾಮೀಟರನ್ನು ಹೊರಗಿನ ಫ್ಯಾಮಿಲಿಯಿಂದ ನಡೆಸಲು ಆಗುವುದಿಲ್ಲ. ಎಲ್ಲವನ್ನೂ ಇನ್‌ಸ್ಟನ್ಸ್ (ಒಂದೊಂದಕ್ಕೂ ಅದರದೇ ಬೆಲೆ) ಮಾಡಿ ಮತ್ತೆ ಕಟ್ಟಬೇಕಾಯಿತು. ಸಾಕೆಟ್ ಗೋಡೆಯ ಮುಖದ ಮೇಲೆ ಕೂರುವ ಫ್ಯಾಮಿಲಿಯಾದ್ದರಿಂದ ಸಿಂಬಲ್ ಕೂಡ ಗೋಡೆಗೆ ಅಂಟಿಕೊಂಡು ನಿಂತಿತ್ತು, ಪ್ಲಾನಿನಲ್ಲಿ ಕಾಣುತ್ತಿರಲಿಲ್ಲ. ಅದಕ್ಕೆ ಮೇಂಟೇನ್ ಅನೋಟೇಶನ್ ಓರಿಯೆಂಟೇಶನ್ ಅನ್ನುವ ಇನ್ನೊಂದು ಟಿಕ್ ಇದೆ, ಬೋರ್ಡ್ ಮತ್ತು ಸಾಕೆಟ್ ಎರಡಕ್ಕೂ ಹಾಕಿದೆ. ಆಮೇಲೆ ಅಕ್ಷರ ಬಂತು. ನಿಜವಾಗಿ ಖುಷಿಯಾಯಿತು.

ಪ್ರಿಂಟ್ ತೆಗೆದಾಗ ಆ ಖುಷಿ ಅರ್ಧ ಆಯಿತು. ಮೂರೂ ಅಕ್ಷರ ಒಂದರ ಮೇಲೊಂದು ಬಿದ್ದಿದ್ದವು. ಲೆಕ್ಕ ಹಾಕಿದರೆ ಹಾಗೆಯೇ ಆಗಬೇಕು. 8 ಮಾಡ್ಯೂಲ್‌ನ (ಸ್ವಿಚ್, ಸಾಕೆಟ್ ಕೂರುವ 8 ಮನೆಗಳ) ಉದ್ದ ಪ್ಲೇಟ್ ಸುಮಾರು 220 ಮಿ.ಮೀ. ಅಗಲ. 1:100ರಲ್ಲಿ ಕಾಗದದ ಮೇಲೆ ಅದು 2.2 ಮಿ.ಮೀ., 1:50ರಲ್ಲಿ 4.4. ಅಕ್ಷರದ ಎತ್ತರವೇ 2.5 ಮಿ.ಮೀ. ಇದೆ. ಅನೋಟೇಶನ್ ಕಾಗದದ ಅಳತೆಯಲ್ಲಿ ಇರುತ್ತದೆ, ಸ್ಕೇಲ್ ಬದಲಾದರೂ ಅದರ ಪ್ರಿಂಟ್ ಗಾತ್ರ ಅಷ್ಟೇ. ಆದರೆ ಸಾಕೆಟ್‌ಗಳ ನಡುವಿನ ಅಂತರ ಗೋಡೆಯ ಅಳತೆಯಲ್ಲಿ ಇರುತ್ತದೆ, ಸ್ಕೇಲ್ ಜೊತೆ ಕುಗ್ಗುತ್ತದೆ. ಪ್ರಾಜೆಕ್ಟ್‌ನಲ್ಲಿ ಕೈಯಿಂದ ಎಳೆದು ಬಿಡಿಸೋಣ ಅಂದರೆ ಅದಕ್ಕೂ ಆಗದು, ಅದು ಫ್ಯಾಮಿಲಿಯ ಒಳಗಿನ ವಸ್ತು. ಒಂದೇ ಸಾಕೆಟ್ ಇರುವ ಬೋರ್ಡ್ ಆಗಿದ್ದರೆ ಈ ದಾರಿಗೆ ಯಾವ ದೋಷವೂ ಇಲ್ಲ, ಎಸಿ ಪಾಯಿಂಟ್, ಗೀಸರ್ ಪಾಯಿಂಟ್‌ಗೆ ನಾನು ಇವತ್ತಿಗೂ ಇದನ್ನೇ ಬಳಸುತ್ತೇನೆ.

ಅದರಲ್ಲಿ ದೊಡ್ಡ ಲಾಭವೂ ಇದೆ. ಶೇರ್ಡ್ ಸಾಕೆಟ್‌ಗಳು ಶೆಡ್ಯೂಲ್‌ನಲ್ಲಿ (ರೆವಿಟ್ ಮಾಡೆಲ್‌ನಿಂದ ತೆಗೆಯುವ ಪಟ್ಟಿ) ಬೇರೆ ಬೇರೆಯಾಗಿ ಎಣಿಕೆಗೆ ಬರುತ್ತವೆ. ಮನೆಯಲ್ಲಿ 6 ಆಂಪಿಯರ್‌ನವು ಎಷ್ಟು, 16ರವು ಎಷ್ಟು ಅಂತ ತಾನಾಗೇ ಸಿಗುತ್ತದೆ. ಬೋರ್ಡೂ ಅದೇ ಕೆಟಗರಿಯಲ್ಲಿದ್ದರೆ ಅದೂ ಪಟ್ಟಿಗೆ ಸೇರಿಕೊಳ್ಳುತ್ತದೆ, ಫಿಲ್ಟರ್ ಹಾಕದೆ ಒಟ್ಟು ಸಂಖ್ಯೆಯನ್ನು ಯಾರಿಗೂ ಕಳಿಸಬೇಡಿ.

ಎರಡನೆಯದು ನನಗೆ ತಡವಾಗಿ ಹೊಳೆದದ್ದು. ಸಾಕೆಟ್‌ಗಳ ಒಳಗೆ ಸಿಂಬಲ್ ಇಡುವುದೇ ಬೇಡ. ಒಂದು ದೊಡ್ಡ ಜೆನೆರಿಕ್ ಅನೋಟೇಶನ್ ಮಾಡಿ, ಅದರೊಳಗೆ ಚಿಕ್ಕ ಅನೋಟೇಶನ್‌ಗಳನ್ನು ಸಾಲಾಗಿ ಜೋಡಿಸಿ, ಆ ಇಡೀ ಗುಂಪನ್ನು ಬೋರ್ಡ್ ಒಳಗೆ ಒಂದೇ ಸಲ ಇಟ್ಟೆ. ಈಗ ಅಂತರವೂ ಕಾಗದದ ಅಳತೆಯಲ್ಲೇ ಇದೆ. ಸಿಂಬಲ್‌ಗೆ 4 ಮಿ.ಮೀ. ಜಾಗ ಕೊಟ್ಟೆ, ಯಾವ ಸ್ಕೇಲ್‌ಗೆ ಹೋದರೂ 4 ಮಿ.ಮೀ.ಯೇ, ಅಕ್ಷರ ಅಕ್ಷರಕ್ಕೆ ತಾಗುವುದಿಲ್ಲ. ಬೋರ್ಡ್‌ನಿಂದ ದೊಡ್ಡ ಅನೋಟೇಶನ್‌ಗೆ, ಅದರಿಂದ ಚಿಕ್ಕದಕ್ಕೆ ಟೆಕ್ಸ್ಟ್ ಪ್ಯಾರಾಮೀಟರ್ ಕಟ್ಟಿದರೆ ಮುಗಿಯಿತು. ಸಾಲಿನ ಸಿಂಬಲ್‌ಗಳಲ್ಲಿ ಒಂದು ಬೇಡ ಅಂದರೆ, ಅದರ ವಿಸಿಬಲ್‌ಗೆ ಒಂದು ಯೆಸ್-ನೋ ಪ್ಯಾರಾಮೀಟರ್ ಕಟ್ಟಿ ಮರೆಮಾಡಬಹುದು.

ಇದಕ್ಕೂ ಮಿತಿ ಇದೆ. ನಾಲ್ಕು ಸಿಂಬಲ್ ಅಂದರೆ ಕಾಗದದಲ್ಲಿ 16 ಮಿ.ಮೀ. ಉದ್ದ. 1:50ರಲ್ಲಿ ಅದು 800 ಮಿ.ಮೀ. ಗೋಡೆ ತಿನ್ನುತ್ತದೆ, 1:100ರಲ್ಲಿ 1600. ಅಡುಗೆಮನೆಯ ಕಟ್ಟೆ ಮೇಲೆ ಅಷ್ಟು ಹತ್ತಿರ ಹತ್ತಿರ ಎರಡು ಬೋರ್ಡ್ ಇದ್ದೇ ಇರುತ್ತವೆ, ಮಿಕ್ಸಿಗೊಂದು, ನೀರಿನ ಫಿಲ್ಟರ್ ಮತ್ತು ಓವನ್‌ಗೊಂದು. ಹಾಗಾಗಿ ಅಡುಗೆಮನೆಯನ್ನು ನಾನು 1:50ಕ್ಕಿಂತ ಚಿಕ್ಕದಾಗಿ ಪ್ರಿಂಟ್ ಕೊಡುವುದನ್ನೇ ಬಿಟ್ಟಿದ್ದೇನೆ.

ಮೂರನೆಯದು ಮಾಡೆಲ್ ಟೆಕ್ಸ್ಟ್, ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅದು ನಿಜವಾದ ದಪ್ಪ ಇರುವ ಅಕ್ಷರ, ಶೇರ್ಡ್ ಟಿಕ್‌ನ ರಗಳೆ ಇಲ್ಲ, ಎಷ್ಟು ಒಳಗೆ ಇದ್ದರೂ ಕಾಣುತ್ತದೆ, 3ಡಿಯಲ್ಲೂ ಕಾಣುತ್ತದೆ, ಪ್ಯಾರಾಮೀಟರ್‌ಗೂ ಕಟ್ಟಬಹುದು. ಅವಸರದಲ್ಲಿ ಇರುವವರು ಇದಕ್ಕೇ ಕೈ ಹಾಕುತ್ತಾರೆ, ನಾನೂ ಹಾಕಿದ್ದೆ. ಆದರೆ 150 ಮಿ.ಮೀ. ಎತ್ತರದ ಅಕ್ಷರ 1:50ರಲ್ಲಿ 3 ಮಿ.ಮೀ., ಓದಬಹುದು. 1:100ರಲ್ಲಿ 1.5, ಕಣ್ಣು ಕಿರಿದು ಮಾಡಬೇಕು. 1:20ರ ಡಿಟೇಲ್‌ನಲ್ಲಿ ಅದೇ ಅಕ್ಷರ 7.5 ಮಿ.ಮೀ. ಆಗಿ ಎಲ್ಲವನ್ನೂ ಮುಚ್ಚುತ್ತದೆ. ಗೋಡೆಯ ಮೇಲೆ ನಿಂತ ಅಕ್ಷರ ಪ್ಲಾನಿನಲ್ಲಿ ಬರೀ ಗೆರೆ, ಮಲಗಿಸಿದರೆ ಎಲಿವೇಶನ್‌ನಲ್ಲಿ ಗೆರೆ. ಕಟ್ಟಡದ ಮೇಲೆ ನಿಜವಾಗಿ ಬರೆಯುವ ಬೋರ್ಡು, ಮನೆಯ ಹೆಸರು, ಪಾರ್ಕಿಂಗ್ ನಂಬರ್ ಇಂಥದ್ದಕ್ಕೆ ಅದು ಸರಿ. ಸಿಂಬಲ್‌ಗೆ ಬೇಡವೇ ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಕೊನೆಯದು ಟ್ಯಾಗ್. ಅಕ್ಷರವನ್ನು ಫ್ಯಾಮಿಲಿಯೊಳಗೆ ಇಡುವುದೇ ಇಲ್ಲ, ಹೊರಗಿನಿಂದ ಟ್ಯಾಗ್ ಹಾಕಿ ಓದಿಸುವುದು. ಸಾಕೆಟ್ ಶೇರ್ಡ್ ಆಗಿದ್ದರೆ ಬೋರ್ಡ್ ಒಳಗಿನ ಒಂದೊಂದು ಸಾಕೆಟ್‌ಗೂ ಬೇರೆ ಬೇರೆ ಟ್ಯಾಗ್ ಹಾಕಬಹುದು. ನಾವೇ ಮಾಡಿದ ಪ್ಯಾರಾಮೀಟರನ್ನು ಟ್ಯಾಗ್ ಓದಬೇಕಾದರೆ ಅದು ಶೇರ್ಡ್ ಪ್ಯಾರಾಮೀಟರ್ ಆಗಿರಬೇಕು. ಶೇರ್ಡ್ ಫ್ಯಾಮಿಲಿ, ಶೇರ್ಡ್ ಪ್ಯಾರಾಮೀಟರ್, ಹೆಸರು ಒಂದೇ ಥರ ಕೇಳಿಸಿದರೂ ಎರಡಕ್ಕೂ ಸಂಬಂಧವೇ ಇಲ್ಲ. ಮೊದಲನೆಯದು ಬರೀ ಟಿಕ್, ಎರಡನೆಯದು ಬೇರೆ ಟೆಕ್ಸ್ಟ್ ಫೈಲ್‌ನಲ್ಲಿ ಇಟ್ಟುಕೊಳ್ಳುವ ಪ್ಯಾರಾಮೀಟರ್. ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಇಲ್ಲೇ ಗೊಂದಲವಾಗಿ ಕೂತುಬಿಡುತ್ತಾರೆ, ಪಾಪ.

ಟ್ಯಾಗ್‌ನ ಗುಣ ಅಂದರೆ ಕೈಯಲ್ಲಿ ಎಳೆದು ಖಾಲಿ ಜಾಗಕ್ಕೆ ಇಡಬಹುದು, ವಸ್ತುವನ್ನು ತೋರಿಸುವ ಲೀಡರ್ ಗೆರೆ ಕೊಡಬಹುದು. ಸರ್ಕ್ಯೂಟ್ ನಂಬರ್‌ನಂಥದ್ದನ್ನು ಟ್ಯಾಗ್ ಮಾತ್ರ ಓದುತ್ತದೆ. ಅನೋಟೇಶನ್ ಒಳಗಿನ ಲೇಬಲ್‌ಗೆ ತನ್ನ ಫ್ಯಾಮಿಲಿಯ ಪ್ಯಾರಾಮೀಟರ್ ಬಿಟ್ಟು ಬೇರೆ ಗೊತ್ತಿಲ್ಲ, ಪ್ರಾಜೆಕ್ಟ್‌ನಲ್ಲಿ ಆಮೇಲೆ ಹುಟ್ಟುವ ನಂಬರ್ ಅದಕ್ಕೆ ತಲುಪುವುದೇ ಇಲ್ಲ. ತೊಂದರೆ ಏನೆಂದರೆ ಟ್ಯಾಗ್ ಆಯಾ ವ್ಯೂಗೆ ಸೇರಿದ್ದು. ಒಮ್ಮೆ ನಾನು ಪ್ಲಾನನ್ನು ಬರೀ ಡುಪ್ಲಿಕೇಟ್ ಮಾಡಿದೆ, ವಿತ್ ಡಿಟೇಲಿಂಗ್ ಆರಿಸಲಿಲ್ಲ. ಹೊಸ ವ್ಯೂನಲ್ಲಿ ಒಂದೂ ಟ್ಯಾಗ್ ಇರಲಿಲ್ಲ, ಅದೇ ಶೀಟ್ ಸೈಟಿಗೆ ಹೋಯಿತು. ಫ್ಯಾಮಿಲಿಯೊಳಗೆ ಅಕ್ಷರ ಇದ್ದ ಬೋರ್ಡ್‌ಗಳು ಮಾತ್ರ ಸರಿಯಾಗಿ ಪ್ರಿಂಟ್ ಆಗಿದ್ದವು. ಆ ದಿನದಿಂದ, ವಸ್ತುವಿನ ಗುಣ ಹೇಳುವ ಅಕ್ಷರವನ್ನು ಟ್ಯಾಗ್ ನಂಬಿ ಬಿಡುವುದಿಲ್ಲ.

ಆಟೋಕ್ಯಾಡ್‌ನಿಂದ ಬಂದವರಿಗೆ ಇದು ಹೊಸ ಕಷ್ಟ ಅಲ್ಲ. ಅಲ್ಲಿ ಬ್ಲಾಕ್ (ಫ್ಯಾಮಿಲಿಯಂಥದ್ದು) ಒಳಗಿನ ಬ್ಲಾಕ್‌ನಲ್ಲಿ ಆಟ್ರಿಬ್ಯೂಟ್ (ಬದಲಿಸಬಹುದಾದ ಅಕ್ಷರ) ಇದ್ದರೆ, ಹೊರಗಿನದನ್ನು ಇನ್ಸರ್ಟ್ ಮಾಡುವಾಗ ಒಳಗಿನ ಬೆಲೆಯನ್ನು ಅದು ಕೇಳುವುದೇ ಇಲ್ಲ. ಹೊರಗಿನಿಂದ ಒಳಕ್ಕೆ ದಾರಿ ಕಟ್ಟಲು ಬರುವುದು ರೆವಿಟ್‌ನಲ್ಲಿ, ಅದಕ್ಕೇ ಇಷ್ಟು ಹೊತ್ತು ಕೂತು ಮಾಡಲು ನನಗೆ ಮನಸ್ಸು ಬಂದದ್ದು.

ಈಗ ನಾನು ಮಾಡುತ್ತಿರುವುದು ಎರಡು ದಾರಿ ಸೇರಿಸಿ. ಸಾಕೆಟ್‌ಗಳು ಶೇರ್ಡ್ ಆಗಿ ಬೋರ್ಡ್ ಒಳಗೆ ಇವೆ, ಎಣಿಕೆಗೋಸ್ಕರ, ಅವುಗಳಲ್ಲಿ ಸಿಂಬಲ್ ಇಲ್ಲ. ಸಿಂಬಲ್ ಗುಂಪು ಬೇರೆ ಅನೋಟೇಶನ್‌ನಲ್ಲಿ ಇದೆ. ಬೋರ್ಡ್‌ನ ಒಂದೇ ಪ್ಯಾರಾಮೀಟರ್ ಎರಡಕ್ಕೂ ಕಟ್ಟಿದ್ದೇನೆ, ಆದ್ದರಿಂದ ಶೀಟ್‌ನಲ್ಲಿ ಗೀಸರ್ ಅಂತಿದ್ದು ಶೆಡ್ಯೂಲ್‌ನಲ್ಲಿ ಬೇರೇನೋ ಆಗುವ ಹಾಗಿಲ್ಲ. ಸರ್ಕ್ಯೂಟ್ ನಂಬರ್‌ಗೆ ಮಾತ್ರ ಟ್ಯಾಗ್. ಫ್ಯಾಮಿಲಿ ತಿದ್ದಿ ಮತ್ತೆ ಲೋಡ್ ಮಾಡುವಾಗ, ಶೇರ್ಡ್ ಸಾಕೆಟ್ ಪ್ರಾಜೆಕ್ಟ್‌ನಲ್ಲಿ ಇರುವುದು ಬೇಕಾ, ಹೊಸದು ಬೇಕಾ ಅಂತ ರೆವಿಟ್ ಕೇಳುತ್ತದೆ. ಓದದೆ ಓಕೆ ಒತ್ತಿದರೆ ಹಳೆಯದೇ ಉಳಿಯಬಹುದು.

ಎಲ್ಲ ಸರಿ ಇದ್ದೂ ಅಕ್ಷರ ಕಾಣದಿದ್ದರೆ ಎರಡು ಕಡೆ ನೋಡಿ. ಒಂದು, ವಿಸಿಬಿಲಿಟಿ ಗ್ರಾಫಿಕ್ಸ್‌ನ ಅನೋಟೇಶನ್ ಪಟ್ಟಿಯಲ್ಲಿ ಜೆನೆರಿಕ್ ಅನೋಟೇಶನ್ಸ್‌ನ ಟಿಕ್ ತೆಗೆದಿದೆಯಾ ಅಂತ. ಬೇರೆ ಆಫೀಸಿನಿಂದ ಬಂದ ವ್ಯೂ ಟೆಂಪ್ಲೇಟ್‌ನಲ್ಲಿ (ಏನು ಕಾಣಬೇಕು ಅಂತ ಮೊದಲೇ ಗೊತ್ತುಮಾಡಿದ ಸೆಟ್ಟಿಂಗ್) ಆ ಟಿಕ್ ತೆಗೆದಿದ್ದರೆ ನೀವು ಫ್ಯಾಮಿಲಿಯನ್ನು ಎಷ್ಟು ತಿದ್ದಿದರೂ ಉಪಯೋಗ ಇಲ್ಲ. ಇನ್ನೊಂದು, ಎತ್ತರ. ಪ್ಲಾನ್ ಕತ್ತರಿಸುವ ಮಟ್ಟ 1200 ಮಿ.ಮೀ.ನಲ್ಲಿದ್ದು ಎಸಿ ಪಾಯಿಂಟ್ 2100ರಲ್ಲಿ ಕೂತಿದ್ದರೆ ಸಾಕೆಟ್ಟೇ ಕಾಣುವುದಿಲ್ಲ, ಅಕ್ಷರ ಎಲ್ಲಿಂದ ಬರಬೇಕು? ಅಷ್ಟು ಜಾಗಕ್ಕೆ ಪ್ಲಾನ್ ರೀಜನ್ ಹಾಕಿ ಮಟ್ಟ ಏರಿಸಿ, ಎರಡೂ ಒಟ್ಟಿಗೆ ಬರುತ್ತವೆ.